ಪಕ್ಕವಾದ್ಯದ ಮಹನೀಯ: ಪಿಟೀಲು ಚೌಡಯ್ಯನವರು

(ದ್ವಿತೀಯ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ)

ಮಹನೀಯರ ಚರಿತ್ರೆಯನ್ನು ನಾವು ವಿದ್ಯಾರ್ಥಿಗಳು ಓದುವುದು ಬಹುಮಟ್ಟಿಗೆ ಪರೀಕ್ಷೆಗಾಗಿ. ಹುಟ್ಟಿದ ವರ್ಷ, ಗತಿಸಿದ ವರ್ಷ, ಪಡೆದ ಬಿರುದು, ಇಷ್ಟನ್ನು ಗಟ್ಟಿಮಾಡಿ ಉತ್ತರಪತ್ರಿಕೆಯಲ್ಲಿ ಇಳಿಸಿಬಿಟ್ಟರೆ ಅವರಿಗೂ ನಮಗೂ ಇರುವ ಋಣ ತೀರಿತೆಂದು ಎದ್ದು ಬರುತ್ತೇವೆ. ಆದರೆ ಬಾಳಿನಲ್ಲಿ ಒಂದು ಪೆಟ್ಟು ಬಿದ್ದ ಮೇಲೆ, ಅದೇ ದಾರಿಯಲ್ಲಿ ನಮಗಿಂತ ಮುಂದೆ ನಡೆದವರು ಯಾರೆಂದು ತಡಕಾಡುವಾಗ ಸಿಗುವ ಚರಿತ್ರೆಯೇ ಬೇರೆ. ಅದನ್ನು ಯಾರೂ ಬಾಯಿಪಾಠ ಮಾಡಿಸಬೇಕಾಗಿಲ್ಲ. ಪಿಟೀಲು ಚೌಡಯ್ಯನವರ ಬಾಳು ನನಗೆ ದೊರೆತದ್ದು ಹೀಗೆ. ಪೆಟ್ಟಿನ ಕಥೆಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಸಹಪಾಠಿಗಳು ನಕ್ಕರೆ ನನಗೆ ಬೇಸರವಿಲ್ಲ. ಅವರಲ್ಲಿ ಹಲವರು ಆ ರಾತ್ರಿಯೇ ನಕ್ಕಾಗಿದೆ.

ನಮ್ಮದು ಮೊಳಕಾಲ್ಮೂರು. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಗುಂಡಿಯಲ್ಲಿ ಕಾಲಿಳಿಸಿ ಕುಳಿತ ಅಪ್ಪ ಹಲಗೆ ತುಳಿಯುವ ಸದ್ದು, ಲಾಳಿ ಅತ್ತಿಂದಿತ್ತ ಓಡುವ ಸದ್ದು, ಹಣಿಗೆ ಬಡಿಯುವ ಸದ್ದು, ಈ ಮೂರೂ ಸೇರಿದ ಒಂದು ತಾಳವೇ ನನ್ನ ಜೋಗುಳ. ಐದಾರು ವರ್ಷದವನಾಗಿದ್ದಾಗಲೇ ಭಜನೆ ಮೇಳದಲ್ಲಿ ತಾಳ ಹಿಡಿದೆ, ಆಮೇಲೆ ಡೋಲಕ್, ಹೈಸ್ಕೂಲಿಗೆ ಬಂದ ಮೇಲೆ ಗಿಟಾರು. ಗಿಟಾರಿನಲ್ಲಿ ಎರಡು ಬಗೆಯ ಕೆಲಸಗಳುಂಟು. ಹಿಂದೆ ನಿಂತು, ಹಾಡಿಗೆ ಹೊಂದುವ ಸ್ವರಗಳ ಗೊಂಚಲನ್ನು ತಾಳಕ್ಕೆ ಸರಿಯಾಗಿ ಮೀಟುತ್ತ ಹೋಗುವುದು ಒಂದು. ಅದನ್ನು ರಿದಮ್ ಎನ್ನುತ್ತಾರೆ. ಮುಂದೆ ಬಂದು, ಒಂಟಿ ಒಂಟಿ ಸ್ವರಗಳಲ್ಲಿ ರಾಗವನ್ನು ಮಾತಾಡಿಸುವುದು ಇನ್ನೊಂದು. ಅದಕ್ಕೆ ಲೀಡ್ ಎಂದು ಹೆಸರು. ಏಳು ವರ್ಷ ನಾನು ಮಾಡಿದ್ದು ಮೊದಲನೆಯ ಕೆಲಸ. ಮದುವೆ, ಗಣೇಶೋತ್ಸವ, ನಾಯಕನಹಟ್ಟಿಯ ಜಾತ್ರೆ, ಎಲ್ಲಿ ವಾದ್ಯಗೋಷ್ಠಿ ಇದ್ದರೂ ಹಿಂದಿನ ಸಾಲಿನಲ್ಲಿ ನಾನಿರುತ್ತಿದ್ದೆ. ತಾಳ ತಪ್ಪದ ಹುಡುಗನೆಂಬ ಹೆಸರೂ ಇತ್ತು.

ಹೋದ ವರ್ಷ ಚಳ್ಳಕೆರೆಯ ಒಂದು ಗಣೇಶೋತ್ಸವದಲ್ಲಿ ಲೀಡ್ ನುಡಿಸುವ ಅಣ್ಣ ಜ್ವರದಿಂದ ಬರಲಿಲ್ಲ. ಇದ್ದುದರಲ್ಲಿ ಸುಧಾರಿಸೋಣವೆಂದು ಕಾರ್ಯಕ್ರಮ ಆರಂಭಿಸಿದೆವು. ಮೂರನೆಯ ಹಾಡಿನ ಮಧ್ಯೆ ಗಾಯಕರಿಗೆ ಕೆಮ್ಮು ಬಂತು. ಅವರು ನೀರಿನ ಲೋಟಕ್ಕೆ ಕೈಹಾಕುತ್ತ, ನಾಲ್ಕು ಸುತ್ತು ಏನಾದರೂ ನುಡಿಸೆಂದು ನನಗೆ ಸನ್ನೆ ಮಾಡಿದರು. ನನ್ನ ಬಲಗೈ ಎಂದಿನಂತೆ ತಾಳ ಮೀಟುತ್ತಿತ್ತು. ಎಡಗೈ ಮಾತ್ರ ಹಿಡಿದ ಹಿಡಿತದಲ್ಲೇ ಕಲ್ಲಾಯಿತು. ಕಡೆಗೆ ಗಾಬರಿಯಿಂದ ಸ್ವರಗಳ ಏಣಿಯನ್ನು ಮೇಲಕ್ಕೆ ಹತ್ತಿದೆ, ಕೆಳಕ್ಕೆ ಇಳಿದೆ, ಮತ್ತೆ ಹತ್ತಿದೆ. ತಬಲದವರು ಸಮಕ್ಕೆ ಬಂದಾಗ ನಾನು ಏಣಿಯ ನಡುವೆ ನೇತಾಡುತ್ತಿದ್ದೆ. ಮುಂದಿನ ಸಾಲಿನಿಂದ ನಗೆ ಎದ್ದಿತು. ಏಳು ವರ್ಷದಲ್ಲಿ ಕಲಿತದ್ದೆಲ್ಲ ಏನೂ ಅಲ್ಲವೆಂದು ನನಗೆ ಆ ಕ್ಷಣದಲ್ಲಿ ಅನಿಸಿತು. ಮಾರನೆಯ ದಿನ ಬಸ್ಸಿನಲ್ಲಿ ತಳುಕು, ಬಿ.ಜಿ. ಕೆರೆ, ಹಾನಗಲ್ಲು ದಾಟಿ ಊರು ಸೇರುವುದರೊಳಗೆ ಗಿಟಾರನ್ನು ಮಾರಿಬಿಡುವುದೆಂದು ನಿಶ್ಚಯಿಸಿದ್ದೆ.

ಕಾಲೇಜಿನಲ್ಲಿ ನಮಗೆ ಪಾಠ ಹೇಳುವ ಗುರುಗಳೊಬ್ಬರಿಗೆ ಈ ಸಮಾಚಾರ ಹೇಗೋ ತಿಳಿಯಿತು. ಅವರು ಬುದ್ಧಿವಾದವನ್ನೇನೂ ಹೇಳಲಿಲ್ಲ. ಗಿಟಾರು ಮಾರುವುದಾದರೆ ಮಾರು, ಅದಕ್ಕೆ ಮೊದಲು ಮೈಸೂರಿನ ಚೌಡಯ್ಯನವರ ಜೀವನವನ್ನು ಓದು, ಅವರ ಧ್ವನಿಮುದ್ರಿಕೆಗಳನ್ನು ಕೇಳು ಎಂದಷ್ಟೇ ಹೇಳಿದರು. ಬದುಕಿನ ಬಹುಭಾಗವನ್ನು ಇನ್ನೊಬ್ಬರ ಪಕ್ಕದಲ್ಲಿ ಕುಳಿತು ನುಡಿಸಿದವರು, ನಾಡಿನ ಅಗ್ರಗಣ್ಯರಲ್ಲಿ ಒಬ್ಬರೆನಿಸಿಕೊಂಡದ್ದು ಹೇಗೆಂದು ನೋಡು ಎಂಬುದು ಅವರ ಇಂಗಿತವಾಗಿತ್ತು. ಓದಿದೆ, ಕೇಳಿದೆ. ನನ್ನ ಅಲ್ಪಮತಿಗೆ ತಿಳಿದುದನ್ನು ಸಹೃದಯರಾದ ವಾಚಕರ ಮುಂದಿಡುತ್ತಿದ್ದೇನೆ.

ಕಾವೇರಿಯೂ ಕಪಿಲೆಯೂ ಕೂಡುವೆಡೆಯಲ್ಲಿ ತಿರುಮಕೂಡಲು ಇದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೆಂಬ ಮೂರನೆಯ ತೀರ್ಥವೂ ಅಲ್ಲಿ ಸೇರುತ್ತದೆಂದು ಹಿಂದಿನಿಂದ ಬಂದ ನಂಬಿಕೆ. ಮೈಸೂರು ಜಿಲ್ಲೆಯ ನರಸೀಪುರದ ಹೆಸರಿನ ಹಿಂದೆ ಈ ಊರಿನ ಹೆಸರು ಸೇರಿಕೊಂಡಿರುವುದನ್ನು ಎಲ್ಲರೂ ಬಲ್ಲರು. ಅಗಸ್ತ್ಯೇಶ್ವರನ ಸನ್ನಿಧಿಯುಳ್ಳ ಆ ಊರಿನಲ್ಲಿ, ಅಗಸ್ತ್ಯೇಗೌಡರು ಮತ್ತು ಸುಂದರಮ್ಮನವರ ಮಗನಾಗಿ ಚೌಡಯ್ಯನವರು 1895ರಲ್ಲಿ ಜನಿಸಿದರು. ಒಕ್ಕಲಿಗರ ಮನೆತನ. ಕರ್ನಾಟಕ ಸಂಗೀತದ ಕಛೇರಿ ವೇದಿಕೆಯಲ್ಲಿ ಆ ಕಾಲದಲ್ಲಿ ಕಾಣುತ್ತಿದ್ದವರು ಬಹುಪಾಲು ವಂಶಪಾರಂಪರ್ಯವಾಗಿ ಸಂಗೀತವನ್ನೇ ವೃತ್ತಿ ಮಾಡಿಕೊಂಡವರು, ಇಲ್ಲವೆ ವೈದಿಕ ಮನೆತನಗಳವರು. ಅಂಥ ವೇದಿಕೆಗೆ ಒಕ್ಕಲು ಮನೆಯ ಬಾಲಕನೊಬ್ಬ ಪಿಟೀಲು ಹಿಡಿದು ಹೊರಟನೆಂಬುದೇ ಒಂದು ವಿಶೇಷ.

ಮೈಸೂರು ಆಗ ಸಂಗೀತದ ರಾಜಧಾನಿಯೂ ಆಗಿತ್ತು. 1902ರಿಂದ 1940ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರು ಕಲಾವಿದರಿಗೆ ಆಶ್ರಯವಿತ್ತದ್ದು ಮಾತ್ರವಲ್ಲ, ತಾವೂ ವಾದ್ಯಗಳನ್ನು ಅಭ್ಯಾಸ ಮಾಡಿದವರು. ವೀಣೆ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು ಆಸ್ಥಾನವನ್ನು ಬೆಳಗಿದರು. ಅದೇ ಆಸ್ಥಾನದ ವಿದ್ವಾಂಸರು ಬಿಡಾರಂ ಕೃಷ್ಣಪ್ಪನವರು. 1866ರಲ್ಲಿ ಜನಿಸಿ 1931ರಲ್ಲಿ ಗತಿಸಿದ ಕೃಷ್ಣಪ್ಪನವರು ಕರಾವಳಿಯ ನಂದಳಿಕೆಯ ಕಡೆಯವರು. ಕನ್ನಡ ದೇವರನಾಮಗಳನ್ನು ಕಛೇರಿಯಲ್ಲಿ ಹಾಡಿ, ಅವುಗಳಿಗೆ ವಿದ್ವತ್‌ಸಭೆಯಲ್ಲಿ ಗೌರವದ ಸ್ಥಾನ ದೊರಕಿಸಿದವರು. ಹದಿನೈದರ ಹರೆಯದ ಚೌಡಯ್ಯನವರು 1910ರ ಸುಮಾರಿಗೆ ಈ ಗುರುಗಳ ಬಳಿಗೆ ಬಂದರು. ಗುರುಗಳು ಗಾಯಕರು, ಶಿಷ್ಯನ ಕೈಯಲ್ಲಿ ಪಿಟೀಲು. ಆದುದರಿಂದ ಶಿಷ್ಯನು ಕಲಿತದ್ದು ವಾದ್ಯದ ಬೆರಳುಗಾರಿಕೆಗಿಂತ ಹೆಚ್ಚಾಗಿ ಕಂಠದಲ್ಲಿ ಹುಟ್ಟುವ ಸಂಗೀತವನ್ನು. ಸಾಹಿತ್ಯದ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ, ಗಾಯಕನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದನ್ನು ಅರಿಯದೆ ಆ ಮನೆಯಲ್ಲಿ ಕಮಾನು ಎಳೆಯುವಂತಿರಲಿಲ್ಲ.

ಕೃಷ್ಣಪ್ಪನವರ ಶಿಸ್ತು ಕಠಿಣವಾದುದೆಂದು ಪ್ರಸಿದ್ಧಿ. ಈಗಿನ ನಮಗೆ ಒಂದು ಗಂಟೆಯ ಪಾಠವೇ ದೀರ್ಘವಾಗಿ ಕಾಣುತ್ತದೆ. ಗುರುಕುಲದಲ್ಲಿ ಹಾಗಲ್ಲ, ಬೆಳಗಿನ ಝಾವದಿಂದ ರಾತ್ರಿಯವರೆಗೆ ಕಿವಿಗೆ ಬೀಳುವುದೆಲ್ಲವೂ ಪಾಠವೇ. ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಹೀಗೆ ಒಂದೊಂದು ಮೆಟ್ಟಿಲನ್ನೂ ಮೂರು ಕಾಲಗಳಲ್ಲಿ ಸಾಧಿಸಿದ ಮೇಲೆ ಕೃತಿ. ಏಳು ತಾಳಗಳ ಅಲಂಕಾರಗಳನ್ನು ವರ್ಷಗಟ್ಟಲೆ ನುಡಿಸಿದ ಕೈ, ನಿದ್ದೆಗಣ್ಣಿನಲ್ಲಿಯೂ ತಾಳದ ಮನೆಯನ್ನು ತಪ್ಪುವುದಿಲ್ಲ. ಇಂಥ ಸಾಧನೆಯ ಅನಂತರ ಚೌಡಯ್ಯನವರು ಗುರುಗಳ ಕಛೇರಿಗಳಲ್ಲಿಯೇ ಪಕ್ಕವಾದ್ಯಕ್ಕೆ ಕುಳಿತರು. ಅಲ್ಲಿ ತಪ್ಪಿದರೆ ಎದುರಿನಲ್ಲಿ ಸಭಿಕರು, ಪಕ್ಕದಲ್ಲಿ ಗುರುಗಳು.

ಪಕ್ಕವಾದ್ಯವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಚೌಡಯ್ಯನವರ ಹಿರಿಮೆಯೂ ನನ್ನ ಸಂಕಟವೂ ಇರುವುದು ಅದರಲ್ಲಿಯೇ. ಗಾಯಕರು ಕೃತಿಯನ್ನು ಹಾಡುವಾಗ ಪಿಟೀಲುಗಾರನು ಅವರೊಡನೆ ನುಡಿಸುತ್ತಾನೆ. ಯಾವ ಕೃತಿ ಬರುತ್ತದೆಂದು ಮೊದಲೇ ಹೇಳುವ ಪದ್ಧತಿಯಿಲ್ಲ. ಹೇಳಿದರೂ ಅವರ ಪಾಠಾಂತರ ಬೇರೆಯಿರಬಹುದು. ಗಾಯಕರು ಆಲಾಪನೆ ಮಾಡುವಾಗ ಅವರ ಸಂಚಾರದ ಕೊನೆಯನ್ನು ಹಿಡಿದು, ನೆರಳಿನಂತೆ ಹಿಂದೆ ಬರಬೇಕು. ಅವರು ನಿಲ್ಲಿಸಿದೊಡನೆ ಪಿಟೀಲುಗಾರನ ಸರದಿ. ಆಗ ಅದೇ ರಾಗವನ್ನು ಸ್ವಂತ ಕಲ್ಪನೆಯಿಂದ, ಗಾಯಕರಿಗಿಂತ ಕಡಮೆ ಹೊತ್ತಿನಲ್ಲಿ ನುಡಿಸಬೇಕು. ನೆರವಲಿನಲ್ಲಿ ಸಾಹಿತ್ಯದ ಒಂದೇ ಸಾಲನ್ನು ಇಬ್ಬರೂ ಸರದಿಯ ಮೇಲೆ ಹೊಸ ಹೊಸದಾಗಿ ಬಿಡಿಸುತ್ತಾರೆ. ಕಲ್ಪನಾಸ್ವರದಲ್ಲಿ ಗಾಯಕರು ಒಂದು ಆವರ್ತ ಹಾಡಿದರೆ ಇವನೂ ಒಂದು ಆವರ್ತ ನುಡಿಸಿ, ಸಾಹಿತ್ಯ ಎಲ್ಲಿಂದ ಎತ್ತಿಕೊಳ್ಳುತ್ತದೆಯೋ ಆ ಎಡುಪಿಗೆ ಕೂದಲೆಳೆಯಷ್ಟೂ ತಪ್ಪದೆ ಬಂದು ಸೇರಬೇಕು.

ಅಂದರೆ ಪಕ್ಕವಾದ್ಯದವನು ಒಂದೇ ಕಛೇರಿಯಲ್ಲಿ ಹತ್ತು ಸಲ ಹಿಂಬಾಲಕನಾಗುತ್ತಾನೆ, ಹತ್ತು ಸಲ ಮುಂದಾಳಾಗುತ್ತಾನೆ. ಒಂದರಿಂದ ಇನ್ನೊಂದಕ್ಕೆ ದಾಟಲು ಅವನಿಗೆ ಸಿಗುವ ಸಮಯ ಒಂದು ಉಸಿರು. ಇದನ್ನು ಓದಿದಾಗ ನನಗೆ ಗಣೇಶೋತ್ಸವದ ಆ ಸನ್ನೆ ನೆನಪಾಯಿತು. ನನಗೂ ದೊರೆತದ್ದು ಅದೇ ಒಂದು ಉಸಿರು. ಚೌಡಯ್ಯನವರು ಅರ್ಧ ಶತಮಾನದ ಕಾಲ ಪ್ರತಿ ಕಛೇರಿಯಲ್ಲಿಯೂ ಆ ಸನ್ನೆಯನ್ನು ಎದುರಿಸಿದವರು.

ಅವರು ಯಾರ ಯಾರ ಪಕ್ಕದಲ್ಲಿ ಕುಳಿತರೆಂದು ನೋಡಿದರೆ ದಕ್ಷಿಣದ ಆ ಕಾಲದ ಗಾಯನದ ಇತಿಹಾಸವನ್ನೇ ಬರೆಯಬಹುದು. ಕಛೇರಿಗೆ ಇಂದಿನ ರೂಪವನ್ನು ಕೊಟ್ಟ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು, ಗಂಭೀರ ಕಂಠದ ಚೆಂಬೈ ವೈದ್ಯನಾಥ ಭಾಗವತರು, ಮಿಂಚಿನ ವೇಗದ ಜಿ.ಎನ್. ಬಾಲಸುಬ್ರಹ್ಮಣ್ಯಂ ಅವರು, ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ. ಒಬ್ಬರ ನಡೆಯಲ್ಲಿ ಮಿತ, ಇನ್ನೊಬ್ಬರಲ್ಲಿ ಧಾರಾಳ. ಒಬ್ಬರಲ್ಲಿ ನಿಧಾನ, ಮತ್ತೊಬ್ಬರಲ್ಲಿ ಹಕ್ಕಿಯ ಹಾರಾಟ. ಇಂದು ಒಬ್ಬರೊಡನೆ, ನಾಳೆ ಇನ್ನೊಬ್ಬರೊಡನೆ ನುಡಿಸಬೇಕಾದವನಿಗೆ ತನ್ನದೆಂಬ ದಾರಿ ಉಳಿಯುವುದೇ ಎಂಬ ಸಂದೇಹ ಸಹಜ. ಚೌಡಯ್ಯನವರ ಧ್ವನಿಮುದ್ರಿಕೆಗಳನ್ನು ಕೇಳಿದರೆ ಅದು ಪರಿಹಾರವಾಗುತ್ತದೆ. ಗಾಯಕರು ಬದಲಾದರೂ, ಕಮಾನಿನ ಆ ದೀರ್ಘವಾದ ಎಳೆತ ಮತ್ತು ಆ ತುಂಬಿದ ನಾದ ಕಿವಿಗೆ ಬಿದ್ದೊಡನೆ ಇವರೇ ಎಂದು ಗುರುತು ಸಿಗುತ್ತದೆ. ನೂರು ಜನರನ್ನು ಹಿಂಬಾಲಿಸಿಯೂ ಅವರು ತಮ್ಮತನವನ್ನು ಕಳೆದುಕೊಳ್ಳಲಿಲ್ಲ. ನೂರು ದಾರಿಗಳನ್ನು ಕಂಡದ್ದರಿಂದಲೇ ತಮ್ಮ ದಾರಿ ಅವರಿಗೆ ಸ್ಪಷ್ಟವಾಯಿತೆಂದು ನನಗೆ ತೋರುತ್ತದೆ.

ಆ ತುಂಬಿದ ನಾದದ ಹಿಂದೆ ಒಂದು ಕಥೆಯಿದೆ. ಚೌಡಯ್ಯನವರು ವೇದಿಕೆಗೆ ಬಂದ ಕಾಲದಲ್ಲಿ ಧ್ವನಿವರ್ಧಕವಿರಲಿಲ್ಲ. ದೇವಸ್ಥಾನದ ಪ್ರಾಂಗಣದಲ್ಲಿ, ಮದುವೆಯ ಚಪ್ಪರದಲ್ಲಿ, ನೂರಾರು ಜನ ಸೇರಿದೆಡೆಯಲ್ಲಿ ಗಾಯಕರು ಎದೆ ತುಂಬಿ ಹಾಡುತ್ತಿದ್ದರು. ಅವರ ಕಂಠ ಕೊನೆಯ ಸಾಲಿಗೆ ಮುಟ್ಟುತ್ತಿತ್ತು, ಮೃದಂಗವೂ ಮುಟ್ಟುತ್ತಿತ್ತು. ನಾಲ್ಕು ತಂತಿಯ ಪಿಟೀಲಿನ ಸಣ್ಣ ದನಿ ಮಾತ್ರ ನಡುದಾರಿಯಲ್ಲಿ ಕರಗಿಹೋಗುತ್ತಿತ್ತು. ಎಂಥ ಕಲ್ಪನೆಯಿದ್ದರೇನು, ಕೇಳಿಸದಿದ್ದರೆ ಅದು ಇದ್ದೂ ಇಲ್ಲದಂತೆಯೇ. ಚೌಡಯ್ಯನವರು ಇದನ್ನು ಹಣೆಬರಹವೆಂದು ಬಿಡಲಿಲ್ಲ. 1920ರ ದಶಕದಲ್ಲಿ ಅವರು ನಾಲ್ಕು ತಂತಿಗಳಿಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಸೇರಿಸಿದ ತಂತಿಗಳು ಮೂಲ ತಂತಿಗಳಿಗೆ ಜೋಡಿಯಾಗಿ ನಿಂತು, ಒಂದೇ ಬೆರಳಿನ ಒತ್ತಿಗೆ, ಒಂದೇ ಕಮಾನಿನ ಎಳೆತಕ್ಕೆ ಸ್ಥಾಯಿಭೇದದಲ್ಲಿ ಒಟ್ಟಿಗೆ ನುಡಿಯುತ್ತವೆ. ಹನ್ನೆರಡು ತಂತಿಯ ಗಿಟಾರನ್ನು ಕೇಳಿದವರಿಗೆ ಈ ಜೋಡಿತಂತಿಯ ಗಾಂಭೀರ್ಯ ಎಂಥದೆಂದು ಊಹಿಸುವುದು ಕಷ್ಟವಲ್ಲ.

ಲಾಭದೊಡನೆ ಕಷ್ಟವೂ ಬಂತೆಂಬುದನ್ನು ಮರೆಯಬಾರದು. ಪಿಟೀಲಿಗೆ ಗಿಟಾರಿನಂತೆ ಮೆಟ್ಟಿಲುಗಳಿಲ್ಲ. ಬೆರಳು ಒಂದು ಕೂದಲೆಳೆ ಜರುಗಿದರೆ ಸ್ವರ ಕೆಡುತ್ತದೆ. ಒಂದು ತಂತಿಯಲ್ಲಿ ಕೆಡಬಹುದಾದ ಸ್ವರ ಜೋಡಿತಂತಿಯಲ್ಲಿ ಎರಡರಷ್ಟು ಕೆಡುತ್ತದೆ. ಏಳನ್ನೂ ಶ್ರುತಿಯಲ್ಲಿ ನಿಲ್ಲಿಸುವುದೇ ಒಂದು ತಪಸ್ಸು. ಅವರ ಅನಂತರ ಏಳು ತಂತಿಯ ಪಿಟೀಲು ಹೆಚ್ಚಾಗಿ ಬಳಕೆಯಲ್ಲಿ ಉಳಿಯದಿರಲು ಇದೂ, ಮನೆ ಮನೆಗೆ ಬಂದ ಧ್ವನಿವರ್ಧಕವೂ ಕಾರಣವಾಗಿರಬಹುದು. ಆದರೆ ಪಕ್ಕದಲ್ಲಿ ಕುಳಿತವನಿಗೂ ಕೊನೆಯ ಸಾಲಿನವರೆಗೆ ಮಾತು ಮುಟ್ಟಿಸುವ ಹಕ್ಕುಂಟೆಂದು ಆ ಏಳು ತಂತಿಗಳು ಸಾರಿದವು.

ಇದೇ ಸಂಕಟ ಏಳು ಸಮುದ್ರದಾಚೆ ನನ್ನ ವಾದ್ಯಕ್ಕೂ ಒದಗಿತ್ತೆಂದು ತಿಳಿದಾಗ ನನಗಾದ ಆಶ್ಚರ್ಯ ಅಷ್ಟಿಷ್ಟಲ್ಲ. ಅಮೆರಿಕೆಯ ಜಾಜ್ ಮೇಳಗಳಲ್ಲಿ 1930ರ ದಶಕದವರೆಗೂ ಗಿಟಾರು ಬಹುಮಟ್ಟಿಗೆ ತಾಳ ಮೀಟುವ ವಾದ್ಯವಾಗಿತ್ತು. ತುತ್ತೂರಿಗಳ ಅಬ್ಬರದ ನಡುವೆ ಅದರ ಒಂಟಿ ಸ್ವರ ಕೇಳಿಸುತ್ತಿರಲಿಲ್ಲ. ಆ ದಶಕದಲ್ಲಿ ವಿದ್ಯುತ್ತಿನ ಗಿಟಾರು ಮಾರುಕಟ್ಟೆಗೆ ಬಂದಿತು. 1939ರಲ್ಲಿ ಬೆನ್ನಿ ಗುಡ್‌ಮನ್ ಎಂಬುವರ ಮೇಳ ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ಕರಿಯ ಜನಾಂಗದ ತರುಣನು ಆ ವಾದ್ಯದಲ್ಲಿ ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದು, ತುತ್ತೂರಿಗೆ ಸಮನಾಗಿ ಸ್ವಂತ ಕಲ್ಪನೆಯ ಸ್ವರಪಂಕ್ತಿಗಳನ್ನು ನುಡಿಸಿದನು. ಕ್ಷಯರೋಗದಿಂದ 1942ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅಷ್ಟರೊಳಗೆ ಗಿಟಾರಿನ ಭವಿಷ್ಯ ಬದಲಾಗಿತ್ತು. ಓಕ್ಲಹೋಮದಲ್ಲಿ ಬೆಳೆದ ಆ ಯುವಕನಿಗೂ ತಿರುಮಕೂಡಲಿನ ಚೌಡಯ್ಯನವರಿಗೂ ಪರಸ್ಪರ ಪರಿಚಯವಿದ್ದೀತೆಂದು ಯಾರೂ ಹೇಳಲಾರರು. ಒಬ್ಬನು ವಿದ್ಯುತ್ತಿನಿಂದ, ಒಬ್ಬರು ತಂತಿಯಿಂದ, ಇಬ್ಬರೂ ಬಿಡಿಸಿದ ಗಂಟು ಒಂದೇ.

ಚೌಡಯ್ಯನವರ ಹೆಸರಿನೊಡನೆ ಸದಾ ಜೋಡಿಯಾಗಿ ಬರುವ ಹೆಸರು ಚೆಂಬೈ ಭಾಗವತರದು. ಕೆ.ಜೆ. ಯೇಸುದಾಸರ ಗುರುಗಳೆಂದರೆ ನನ್ನ ಸಹಪಾಠಿಗಳಿಗೆ ಬೇಗ ಗುರುತು ಸಿಕ್ಕೀತು. ಇಬ್ಬರೂ ಹೆಚ್ಚುಕಡಮೆ ಒಂದೇ ವಯಸ್ಸಿನವರು. ಚೆಂಬೈ ಅವರ ಗಾಯನ, ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರ್ ಅವರ ಮೃದಂಗ, ಈ ಮೂರೂ ಕೂಡಿದ ಕಛೇರಿಗಳನ್ನು ರಸಿಕರು ಬಹುಕಾಲ ನೆನೆಯುತ್ತಿದ್ದರು. ಚೆಂಬೈ ಅವರದು ನೇರವಾದ, ಘನವಾದ ಕಂಠ. ಅಂಥ ಕಂಠಕ್ಕೆ ಬಡಕಲು ನಾದದ ಪಕ್ಕವಾದ್ಯ ಹೊಂದಲಾರದು. ಏಳು ತಂತಿಯ ಪಿಟೀಲು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಚೌಡಯ್ಯನವರ ಸರದಿ ಬಂದಾಗ ಅವರು ಗಾಯಕರು ಹಾಡಿದ್ದನ್ನು ಒಪ್ಪಿಸಿ ಸುಮ್ಮನಾಗುತ್ತಿರಲಿಲ್ಲ. ಅವರನ್ನು ಸೋಲಿಸುವ ಹಟಕ್ಕೂ ಬೀಳುತ್ತಿರಲಿಲ್ಲ. ಗಾಯಕರು ಬಿಟ್ಟ ಸ್ವರದಿಂದಲೇ ಎತ್ತಿಕೊಂಡು, ಅವರು ತೋರಿಸದೆ ಬಿಟ್ಟ ರಾಗದ ಇನ್ನೊಂದು ಮಗ್ಗುಲನ್ನು ತೋರಿಸಿ, ಮರಳಿ ಅವರ ಮನೆಯ ಬಾಗಿಲಿಗೆ ತಂದು ಬಿಡುತ್ತಿದ್ದರು. ಒಳ್ಳೆಯ ಸಂಭಾಷಣೆಯ ಲಕ್ಷಣವೂ ಇದೇ ಅಲ್ಲವೆ? ಮೊದಲು ಕಿವಿಗೊಟ್ಟು ಕೇಳಿದವನಿಗೆ ಮಾತ್ರ ಇಂಥ ಉತ್ತರ ಹೊಳೆಯುತ್ತದೆ.

ಪಕ್ಕವಾದ್ಯದಲ್ಲಿ ಪಳಗಿದ ಚೌಡಯ್ಯನವರು ತನಿಯಾಗಿಯೂ ಕಛೇರಿ ನಡೆಸಿದರು. ಅಲ್ಲಿ ಮುಂದೆ ಹಾಡುವವರಿಲ್ಲ; ಆರಂಭವೂ ತಮ್ಮದೇ, ಮುಕ್ತಾಯವೂ ತಮ್ಮದೇ. ವಾಗ್ಗೇಯಕಾರರಾಗಿಯೂ ಅವರು ಕೆಲಸ ಮಾಡಿದರು. ಕೃತಿಗಳಲ್ಲಿ ಅವರಿಟ್ಟುಕೊಂಡ ಅಂಕಿತ ತ್ರಿಮಕುಟ. ಹುಟ್ಟೂರಿನ ಹೆಸರನ್ನೇ ಅಂಕಿತವಾಗಿಸಿಕೊಂಡ ಅವರ ಅಭಿಮಾನ ದೊಡ್ಡದು. ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಸ್ಥಾಪಿಸಿ ಶಿಷ್ಯರನ್ನು ತಯಾರುಮಾಡಿದರು. ಅವರಲ್ಲಿ ಆರ್.ಕೆ. ವೆಂಕಟರಾಮ ಶಾಸ್ತ್ರಿಗಳು, ವಿ. ಸೇತುರಾಮಯ್ಯನವರು, ಕಂಡದೇವಿ ಅಳಗಿರಿಸ್ವಾಮಿಯವರು ಮುಂದೆ ನಾಡಿನ ಹೆಸರಾಂತ ಪಿಟೀಲು ವಿದ್ವಾಂಸರಾದರು. 1943ರಲ್ಲಿ ತೆರೆಗೆ ಬಂದ ‘ವಾಣಿ’ ಎಂಬ ಕನ್ನಡ ಚಿತ್ರಕ್ಕೂ ಅವರು ಕೈಹಾಕಿದರು. ಕೆ. ಹಿರಣ್ಣಯ್ಯನವರು ನಿರ್ದೇಶಿಸಿದ ಆ ಚಿತ್ರದಲ್ಲಿ ಚೌಡಯ್ಯನವರು ತಾವೇ ಪಾತ್ರ ವಹಿಸಿದರು. ಚೆಂಬೈ ಅವರ ಕಛೇರಿಯ ದೃಶ್ಯವೂ ಅದರಲ್ಲಿತ್ತು.

ಮದರಾಸಿನ ಸಂಗೀತ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತು ಗೌರವಿಸಿತು. ಕರ್ನಾಟಕ ಸಂಗೀತದಲ್ಲಿ ಅದಕ್ಕಿಂತ ಹಿರಿದಾದ ಮನ್ನಣೆ ಇಲ್ಲವೆಂದೇ ಹೇಳಬೇಕು. ಪಕ್ಕದಲ್ಲಿ ಕುಳಿತವರ ಕೊರಳಿಗೆ ಬಂದ ಈ ಮಾಲೆ ಪಕ್ಕವಾದ್ಯವೆಂಬ ಕಲೆಗೇ ಸಂದಂತಾಯಿತು. 1967ರ ಜನವರಿ 19ರಂದು ಚೌಡಯ್ಯನವರು ಇಹಲೋಕವನ್ನು ತ್ಯಜಿಸಿದರು. ಅವರು ಎಷ್ಟೋ ಕಛೇರಿಗಳಲ್ಲಿ ಅನುಸರಿಸಿ ನುಡಿಸಿದ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು ನಾಲ್ಕೇ ದಿನಗಳ ಅನಂತರ, ಅದೇ ತಿಂಗಳ 23ರಂದು ತೀರಿಕೊಂಡರು. ಜೀವನವಿಡೀ ಗಾಯಕರ ಹಿಂದೆ ನಡೆದವರು ಆ ಒಂದು ಪಯಣದಲ್ಲಿ ಮಾತ್ರ ಮುಂದಾದರು.

ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನವನ್ನು ನಮ್ಮಲ್ಲಿ ಕೆಲವರು ನೋಡಿರಬಹುದು. ಕೆ.ಕೆ. ಮೂರ್ತಿಯವರ ಪರಿಶ್ರಮದಿಂದ ಎದ್ದ ಆ ಕಟ್ಟಡ ಪಿಟೀಲಿನ ಆಕಾರದಲ್ಲಿದೆ. ತಂತಿಗಳು, ಬಿರಡೆ, ಕಮಾನು ಎಲ್ಲವೂ ಉಂಟು. ತಂತಿಗಳ ಸಂಖ್ಯೆ ಏಳು. ಒಬ್ಬ ಸಂಗೀತಗಾರನ ಹೆಸರಿನಲ್ಲಿ, ಅವನ ವಾದ್ಯದ ರೂಪದಲ್ಲೇ ಕಟ್ಟಿದ ಭವನಗಳು ಲೋಕದಲ್ಲಿ ಎಷ್ಟಿದ್ದಾವು? ಇಂದು ಅಲ್ಲಿ ನಾಟಕ ಆಡುವವರೂ ನೃತ್ಯ ಮಾಡುವವರೂ ಆ ಪಿಟೀಲಿನ ಹೊಟ್ಟೆಯೊಳಗೆ ನಿಂತೇ ತಮ್ಮ ಕಲೆಯನ್ನು ತೋರಿಸಬೇಕು. ಗತಿಸಿದ ಮೇಲೂ ಚೌಡಯ್ಯನವರು ಪಕ್ಕವಾದ್ಯದ ಧರ್ಮವನ್ನು ಬಿಡಲಿಲ್ಲವೆಂದು ಈ ಕಟ್ಟಡವನ್ನು ಕಂಡಾಗ ನನಗೆ ಅನಿಸಿತು.

ಈಗ ನನ್ನ ಕಥೆಗೆ ಮರಳಿ ಲೇಖನವನ್ನು ಮುಗಿಸುತ್ತೇನೆ. ಚೌಡಯ್ಯನವರ ಬಾಳನ್ನು ಓದುವ ಮುಂಚೆ ನನಗಿದ್ದ ಕಲ್ಪನೆ ಇಷ್ಟು: ತಾಳ ಮೀಟುವವನು ಒಂದು ಜಾತಿ, ಕಲ್ಪಿಸಿ ನುಡಿಸುವವನು ಇನ್ನೊಂದು ಜಾತಿ, ಅಲ್ಲಿಗೆ ಹೋಗಬೇಕಾದರೆ ಇಲ್ಲಿಯದನ್ನೆಲ್ಲ ಮರೆತು ಅ ಆ ಇ ಈಯಿಂದ ಆರಂಭಿಸಬೇಕು. ಕಲ್ಪನಾಸ್ವರದ ಕ್ರಮವನ್ನು ತಿಳಿದ ಮೇಲೆ ಇದು ಎಂಥ ತಪ್ಪೆಂದು ಅರಿವಾಯಿತು. ಕಲ್ಪನೆಯ ಅರ್ಧ ಭಾಗ ಯಾವ ಸ್ವರವನ್ನು ನುಡಿಸಬೇಕೆಂಬುದು. ಇನ್ನರ್ಧ ಎಲ್ಲಿಗೆ ಬಂದು ಸೇರಬೇಕೆಂಬುದು. ಎರಡನೆಯ ಅರ್ಧ ನನ್ನ ಕೈಯಲ್ಲಿ ಏಳು ವರ್ಷದಿಂದ ಇತ್ತು. ಆ ರಾತ್ರಿ ನಾನು ಸೋತದ್ದು, ಲೀಡ್ ಎಂದರೆ ಬೇರೇನೋ ಎಂದು ಹೆದರಿ, ಇದ್ದ ಆ ಅರ್ಧವನ್ನೂ ಕೈಬಿಟ್ಟದ್ದರಿಂದ.

ಗಿಟಾರನ್ನು ಮಾರಲಿಲ್ಲ. ಅಭ್ಯಾಸದ ಕ್ರಮವನ್ನು ಮಾತ್ರ ಬದಲಾಯಿಸಿದೆ. ಮೊದಲು ಹಾಡಿನ ಒಂದು ಸಾಲನ್ನು ಬಾಯಲ್ಲಿ ಹೇಳಿಕೊಂಡು, ಅದನ್ನೇ ಒಂಟಿ ಸ್ವರಗಳಲ್ಲಿ ನುಡಿಸಿದೆ. ಉಸಿರು ತೆಗೆಯುವಲ್ಲಿ ಕೈಯನ್ನೂ ನಿಲ್ಲಿಸಿದೆ. ಅನಂತರ ಎಂಟೆಣಿಕೆಯ ಒಂದು ಸುತ್ತಿನಲ್ಲಿ ಆರೆಣಿಕೆ ಎಂದಿನಂತೆ ತಾಳ ಮೀಟಿ, ಉಳಿದ ಎರಡೆಣಿಕೆಯಲ್ಲಿ ಮಾತ್ರ ಮೂರು ನಾಲ್ಕು ಸ್ವರಗಳನ್ನು ಸೇರಿಸಿ ಸಮಕ್ಕೆ ಬಂದೆ. ಅದು ಕೂಡಿದ ಮೇಲೆ ನಾಲ್ಕೆಣಿಕೆ, ಆಮೇಲೆ ಇಡೀ ಸುತ್ತು. ಯಾವ ಸ್ವರದಲ್ಲಿ ಮುಗಿಸಬೇಕೆಂಬುದಕ್ಕೆ, ಆ ಹೊತ್ತಿಗೆ ಮೀಟಬೇಕಾದ ಗೊಂಚಲಿನ ಸ್ವರಗಳೇ ದಾರಿ ತೋರಿದವು. ಅವುಗಳನ್ನು ನನ್ನ ಎಡಗೈ ಕತ್ತಲೆಯಲ್ಲಿಯೂ ಬಲ್ಲದು. ಎಷ್ಟು ಸ್ವರ ನುಡಿಸಬೇಕೆಂಬುದಕ್ಕಿಂತ ಎಷ್ಟನ್ನು ಬಿಡಬೇಕೆಂಬುದನ್ನು ಕಲಿಯಲು ಹೆಚ್ಚು ದಿನ ಹಿಡಿಯಿತು.

ಅಪ್ಪ ಒಂದು ಸಂಜೆ ಮಗ್ಗದಿಂದೆದ್ದು ಬಂದು, ಏನು ಇಷ್ಟು ದಿನದಿಂದ ಒಂದೇ ಸುತ್ತನ್ನು ತಿರುವುತ್ತಿದ್ದೀಯೆಂದು ವಿಚಾರಿಸಿದರು. ವಿಷಯವನ್ನು ವಿವರಿಸಿದೆ. ಅವರಿಗೆ ಚೌಡಯ್ಯನವರ ಹೆಸರಷ್ಟೇ ಗೊತ್ತು. ಮಗ್ಗದ ವಿಷಯ ಪೂರ್ತಿ ಗೊತ್ತು. ಹಾಸು ಬಿಗಿಯಾಗಿ ನಿಲ್ಲದೆ ಹೊಕ್ಕು ಓಡುವುದಿಲ್ಲ, ನೋಡುವವರ ಕಣ್ಣಿಗೆ ಬೀಳುವುದು ಹೊಕ್ಕಿನ ಬುಟ್ಟಾ, ಆದರೆ ಹಾಸು ಹಾಕಿ ಗೊತ್ತಿಲ್ಲದವನು ಬುಟ್ಟಾ ಎತ್ತಲಾರ ಎಂದು ಹೇಳಿ ಕೈ ತೊಳೆಯಲು ಹೋದರು. ನಾನು ಮೂರು ತಿಂಗಳು ಓದಿ ತಿಳಿದದ್ದನ್ನು ಅವರು ಮೂರು ಮಾತಿನಲ್ಲಿ ಮುಗಿಸಿದ್ದರು.

ನಮ್ಮ ಜಿಲ್ಲೆಗೆ ಸಂಗೀತದ ನಂಟು ಹೊಸದಲ್ಲ. ತಳುಕಿನ ಮನೆತನದ ತ.ರಾ.ಸು. ಅವರು ‘ಹಂಸಗೀತೆ’ಯಲ್ಲಿ ದುರ್ಗದ ಸಂಗೀತಗಾರನೊಬ್ಬನ ಬಾಳನ್ನು ಕನ್ನಡಿಗರಿಗೆಲ್ಲ ಪರಿಚಯ ಮಾಡಿಸಿದರು. ಕಾಡುಗೊಲ್ಲರ ಪದ, ಬೇಡರ ಹಟ್ಟಿಯ ಉರುಮೆ, ಭಜನೆ ಮೇಳದ ತಾಳ, ಇವುಗಳ ನಡುವೆ ಬೆಳೆದ ನಮ್ಮಲ್ಲಿ ಹಿಂದಿನ ಸಾಲಿನಲ್ಲಿ ನಿಂತು ತಾಳ ಹಿಡಿದವರು ನೂರಾರು. ಆಟದಲ್ಲಿ, ಓದಿನಲ್ಲಿ, ಮನೆಯ ಕೆಲಸದಲ್ಲಿಯೂ ಹಿಂದೆ ನಿಂತು ಕೈಜೋಡಿಸಿದವರೇ ನಮ್ಮಲ್ಲಿ ಹೆಚ್ಚು. ಅವರಿಗೆಲ್ಲ ಒಂದು ದಿನ ಯಾರೋ ನೀರಿನ ಲೋಟಕ್ಕೆ ಕೈಹಾಕುತ್ತ ಸನ್ನೆ ಮಾಡುತ್ತಾರೆ. ಆ ಹೊತ್ತಿಗೆ ಹೆದರಬೇಕಾಗಿಲ್ಲ. ಹಿಂದೆ ನಿಂತು ಕೇಳಿದ್ದೇ ಬಂಡವಾಳ.

ಈ ಸಲದ ಕಾಲೇಜು ವಾರ್ಷಿಕೋತ್ಸವದಲ್ಲಿ ನನಗೆ ಮತ್ತೆ ಸರದಿ ಬಂದಿತು. ನುಡಿಸಿದ್ದು ಒಂದೇ ಸುತ್ತು. ಮಧ್ಯೆ ಒಂದು ಸ್ವರ ಒರಟಾಯಿತೆಂದು ಸಂಗೀತ ಬಲ್ಲವರು ಹೇಳಿದರು. ಅವರ ಮಾತು ನಿಜ. ಆದರೆ ತಬಲದವರು ಸಮಕ್ಕೆ ಬಂದಾಗ ನಾನೂ ಅಲ್ಲಿದ್ದೆ. ಮುಂದಿನ ಸಾಲಿನಲ್ಲಿ ಯಾರೂ ನಗಲಿಲ್ಲ. ಗಾಯಕರು ತಲೆಯಾಡಿಸಿ ಹಾಡನ್ನು ಎತ್ತಿಕೊಂಡರು. ನಾನು ಹಿಂದಕ್ಕೆ ಸರಿದು ಎಂದಿನಂತೆ ತಾಳ ಮೀಟತೊಡಗಿದೆ.